ಭುವಿ ಕೂಡಿಸಿದ ಗೇರು

ಮುಂಬಯಿಯ ಭಾಂಡುಪ್‌ನಲ್ಲಿ ಜೀಪಿಗೆ ದೊಡ್ಡ ಟೈರು ಹಾಕಿಸಿಕೊಂಡವರು ಕೊನೆಗೆ ಬರುವುದು ನನ್ನ ಹತ್ತಿರವೇ. ಇದು ಜಂಬವಲ್ಲ. ಸರಿ ಬಿಡಿ, ಜಂಬವೇ. ಶೆಡ್ಡಿನಂಥ ನಮ್ಮ ಗಾಲಾದ ಬೋರ್ಡಿನ ಮೇಲೆ ಅಪ್ಪ ಬಂಡೆಪ್ಪನ ಹೆಸರಿದೆ. ಅದರ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ‘ಆಕ್ಸಲ್ ಕೆಲಸ: ಭುವನೇಶ್ವರಿ’ ಎಂದಿದೆ. ಎಂಜಿನ್ ಅಪ್ಪನದು, ಆಕ್ಸಲ್ ನನ್ನದು. ಆರು ವರ್ಷದಲ್ಲಿ ನಾನು ಕೂಡಿಸಿದ ಒಂದೇ ಒಂದು ಗೇರೂ ತಿರುಗಿ ಬಂದಿರಲಿಲ್ಲ.

ಅನಿಲ ಬಂದ ದಿನವೂ ನಾನು ಅದೇ ಗತ್ತಿನಲ್ಲಿದ್ದೆ. ಮಾಲ್ ಪಾರ್ಕಿಂಗಿನಲ್ಲಿ ಮೆರೆಯಲು ದೊಡ್ಡ ಟೈರು ಹಾಕಿಸಿಕೊಂಡಿದ್ದ ಒಬ್ಬನನ್ನು ಆಗಷ್ಟೇ ಬೈದು ಕಳಿಸಿದ್ದೆ. “ಗುಡ್ಡಾ ಹತ್ತದವ್ರ ಗಾಡಿ ನಾ ಮುಟ್ಟಾಂಗಿಲ್ಲ!” ಎಂದು ಕೂಗಿ ತಿರುಗಿದರೆ ಬಾಗಿಲಲ್ಲಿ ಇವನು. ಇಸ್ತ್ರಿ ಮಾಡಿದ ಶರ್ಟು, ಕೊರಳಲ್ಲಿ ಫೋರ್ಟ್ ಬಡಾವಣೆಯ ಬ್ಯಾಂಕಿನ ಐಡಿ ಕಾರ್ಡು. ಬೆನ್ನ ಹಿಂದೆ ಹೊಚ್ಚ ಹೊಸ ಟೈರಿನ ಮೇಲೆ ನಿಂತ ಹಳೆಯ ಜೀಪು.

“ಪಿಕಪ್ಪೇ ಇಲ್ರಿ. ಘಾಟ್ಕೋಪರ್ ಬ್ರಿಡ್ಜ್ ಹತ್ತೂದ್ರಾಗ ಎತ್ತಿನ ಗಾಡಿ ಆಗತೈತಿ” ಎಂದ.

ಮುಂಬಯಿಯಲ್ಲಿ ನಮ್ಮ ಕಡೆಯ ಮಾತು ಕೇಳಿದರೆ ನನ್ನ ಸಿಟ್ಟು ಅರ್ಧ ಇಳಿದುಬಿಡುತ್ತದೆ.

“ಇಪ್ಪತ್ತೆಂಟು ಇಂಚಿಂದು ತಗದು ಮೂವತ್ತೊಂದರದ್ದು ಹಾಕ್ಸೀರಿ. ಗಾಲಿ ಒಂದ್ ಸುತ್ತಿಗೆ ಹೆಚ್ಚು ನೆಲಾ ತುಳೀತೈತಿ, ಆ ಭಾರ ಎಂಜಿನ್ ಹೊರಬೇಕಲ್ಲ? ಆಕ್ಸಲ್ ಒಳಗಿನ ಕ್ರೌನ್-ಪಿನಿಯನ್ ಗೇರ್ ಬದಲಿ ಮಾಡಬೇಕು. ಹಿಂದಿಂದೂ ಮುಂದಿಂದೂ, ಎರಡೂ ಒಂದ ರೇಶಿಯೊ.”

“ಯಾವ ರೇಶಿಯೊ ಬೇಕಾಗತೈತ್ರಿ?”

“ಅದನ್ನ ಬರೇ ಟೈರ್ ನೋಡಿ ಹೇಳಾಕ ಬರಾಂಗಿಲ್ಲ. ನೀವು ಎಲ್ಲಿ ಓಡಸ್ತೀರಿ? ಖರೇ ಹೇಳ್ರಿ.”

ಗಾಡಿ ಬಿಚ್ಚುವ ಮೊದಲು ಮಾಲೀಕನನ್ನು ಹೀಗೆ ಕೇಳುವುದು ನನ್ನ ಪದ್ಧತಿ. ಈ ಟೈರಿಗೆ ಹೈವೇ ಓಡಾಟವಾದರೆ 4.56 ಸಾಕು, ಅಂದರೆ ಗಾಲಿಯ ಒಂದು ಸುತ್ತಿಗೆ ಎಂಜಿನ್ ಕಡೆಯ ಶಾಫ್ಟು ನಾಲ್ಕೂವರೆ ಸುತ್ತು ಹಾಕುತ್ತದೆ. ಬಂಡೆ, ಕೆಸರು, ಕಡಿದಾದ ಏರು ಎಂದಾದರೆ 5.13 ಬೇಕು. ತಾಕತ್ತು ಹೆಚ್ಚು, ಆದರೆ ಹೈವೇಗೆ ಇಳಿದರೆ ಎಂಜಿನ್ ಬಾಯಿ ಬಾಯಿ ಬಡಿದುಕೊಳ್ಳುತ್ತದೆ.

ಅವನು ಗಾಡಿ ನೋಡಲಿಲ್ಲ, ನನ್ನನ್ನೇ ನೋಡಿದ. “ಗುಡ್ಡಾರಿ. ಪ್ರತಿ ರವಿವಾರ ಗುಡ್ಡಾ.”

“ಹೈವೇ?”

“ಇಲ್ಲೇ ಇಲ್ರಿ.”

ಟೈರಿನ ಮೇಲೆ ಹೊಸ ರಬ್ಬರಿನ ಕೂದಲು ಇನ್ನೂ ಹಾಗೇ ನಿಂತಿತ್ತು. ಗುಡ್ಡ ಹತ್ತಿದ ಟೈರಿಗೆ ಅದು ಇರುತ್ತದೆಯೇ? ನನ್ನ ಕಣ್ಣು ಅಲ್ಲಿಗೆ ಹೋಗಬೇಕಿತ್ತು. ಹೋಗಲಿಲ್ಲ. ಅವನ ರೆಪ್ಪೆಗಳು ಉದ್ದವಿದ್ದವು, ನಾನೇನು ಮಾಡಲಿ?

5.13 ಕೂಡಿಸಿದೆ. ಎರಡು ಸಂಜೆ ಆಫೀಸು ಮುಗಿಸಿ ಬಂದು, ಬೋರಲು ಹಾಕಿದ ಆಯಿಲ್ ಡಬ್ಬದ ಮೇಲೆ ಕೂತು ನೋಡಿದ. ನಾನು ಗೇರಿನ ಹಲ್ಲಿಗೆ ಹಳದಿ ಬಣ್ಣ ಹಚ್ಚಿ, ತಿರುಗಿಸಿ, ಬಿದ್ದ ಗುರುತು ನೋಡುತ್ತಿದ್ದೆ.

“ಏನ್ ನೋಡಾಕತ್ತೀರಿ?”

“ಹಲ್ಲಿಗೆ ಹಲ್ಲು ಎಲ್ಲಿ ತಾಗತೈತಿ ಅಂತ. ನಟ್ಟನಡುವ ತಾಗಬೇಕು. ಅಂಚಿಗೆ ತಾಗಿದ್ರ ದಿನಾ ಜಗಳ.”

“ಮನಷ್ಯಾರಿಗೂ ಹಿಂಗ ಬಣ್ಣಾ ಹಚ್ಚಿ ನೋಡಾಕ ಬರತೈತೇನ್ರಿ?”

“ಹಚ್ಚಿ ನೋಡೂಣು, ತಡೀರಿ!” ಎಂದು ಅವನ ಮೂಗಿಗೆ ಬೆರಳು ಒರೆಸಿದೆ. ಅಷ್ಟು ಸಲಿಗೆ ನನಗೆ ಎಲ್ಲಿಂದ ಬಂತೋ! ಅವನು ಒರೆಸಿಕೊಳ್ಳಲೇ ಇಲ್ಲ. ಹಳದಿ ಮೂಗು ಹೊತ್ತುಕೊಂಡೇ ಮನೆಗೆ ಹೋದ.

ಆಮೇಲೆ ವಾರ ಬಿಟ್ಟು ವಾರ ಬರತೊಡಗಿದ. ಕೈಯಲ್ಲಿ ಬೆಳಗಾವಿ ಕುಂದಾ. “ದೋಸ್ತ್ ಕೊಟ್ಟಾನ್ರಿ” ಎನ್ನುತ್ತಿದ್ದ. ಗಾಡಿ ಹೇಗಿದೆ ಎಂದರೆ “ಮಸ್ತ್ ಐತ್ರಿ!” ನಾನು ಬಂದ ಗಿರಾಕಿಗಳಿಗೆಲ್ಲ ಅವನ ಜೀಪನ್ನೇ ತೋರಿಸಿ ಮೀಸೆಯಿಲ್ಲದೆಯೂ ಮೀಸೆ ತಿರುವಿದೆ. ಅವನು ಬಾರದ ವಾರ ಸ್ಪ್ಯಾನರು ಕೈಯಲ್ಲಿ ಹಿಡಿದುಕೊಂಡೇ ಸ್ಪ್ಯಾನರು ಹುಡುಕುತ್ತಿದ್ದೆ.

ಎರಡು ತಿಂಗಳಿಗೆ ಆಕ್ಸಲ್ ಆಯಿಲ್ ಬದಲಿಸಲು ಬಂದ. ಶನಿವಾರ ಮಧ್ಯಾಹ್ನ. ಆಯಿಲ್ ತಟ್ಟೆ ಹಿಡಿಯುವೆನೆಂದು ಅವನೇ ಗಾಡಿಯ ಕೆಳಗೆ ಮಲಗಿದ್ದಾಗ ಬಾನೆಟ್ ಮೇಲಿದ್ದ ಅವನ ಫೋನು ಬಡಿದುಕೊಂಡಿತು.

“ನಮ್ಮ ಶಿವಕುಮಾರಿ ಅಕ್ಕ ಇರಬೇಕು. ಸ್ಪೀಕರ್‌ಗೆ ಹಾಕ್ರಿ, ಕೈ ಆಯಿಲ್ ಆಗೇತಿ” ಎಂದ.

ಹಾಕಿದೆ. “ಅನಿಲಾ, ಬರೂ ಶನಿವಾರ ನನ್ನ ಅಂಗಡಿಗೆ ಸೀರಿ ಮಾಲು ತರೂದಾದ್ರ ಲಗೂ ಬಿಡು! ಮುಂಬೈದಿಂದ ಬೆಳಗಾವಿಗೆ ಹದಿಮೂರು ತಾಸ? ಎರಡು ತಿಂಗಳಾತು, ಬರೂದು, ಬೆನ್ನು ಹಿಡಕೊಂಡು ಇಳಿಯೂದು. ಅರವತ್ತು ದಾಟಿದ್ರ ಗಾಡಿ ಚೀರತೈತಿ ಅಂತಿ. ಯಾಂವ ಅಂವಾ, ಆ ಗೇರ್ ಹಾಕಿದ ಶಾಣ್ಯಾ?”

“ಆ ಶಾಣ್ಯಾಕಿ ನಾನರೀ ಅಕ್ಕಾರ” ಎಂದು ಫೋನು ಇಟ್ಟೆ.

ಮೀಟರ್ ನೋಡಿದೆ. ಗೇರ್ ಕೂಡಿಸಿದ ಮೇಲೆ ನಾಲ್ಕು ಸಾವಿರ ಕಿಲೋಮೀಟರ್ ಓಡಿತ್ತು. ಗುಡ್ಡವಂತೆ, ಗುಡ್ಡ! ಅವನು ಗಾಡಿಯ ಕೆಳಗಿನಿಂದ ತೆವಳಿ ಎದ್ದು ನಿಂತಾಗ ನನ್ನ ಬಾಯಿಂದ ‘ರೀ’ ಎಂಬುದು ಉದುರಿಹೋಗಿತ್ತು.

“ಎಲ್ಲಾರ ಮುಂದ ನಿನ್ನ ಜೀಪ್ ತೋರ್ಸಿ ಮೆರದೆ ನಾ! ನನ್ನ ಗೇರ್ ಚೀರಾಕತ್ತಿತ್ತು, ನೀ ಮುಚ್ಚಿಟ್ಟಿ. ಯಾಕ? ಕನಿಕರ ಮಾಡಿದೇನು ನನ್ನ ಮ್ಯಾಲೆ?”

“ನಿಮ್ಮ ಕೆಲಸಾ ತಪ್ಪಿಲ್ರಿ, ಸುಳ್ಳ ಹೇಳಿದಾಂವ ನಾ. ಗುಡ್ಡಾ ಹತ್ತದವ್ರ ಗಾಡಿ ಮುಟ್ಟಾಂಗಿಲ್ಲ ಅಂದ್ರಿ. ಖರೇ ಹೇಳಿದ್ರ ಅವತ್ತ ಹೊರಗ ಹಾಕ್ತಿದ್ರಿ. ಆಮ್ಯಾಲೆ...” ಅವನು ತಲೆ ತಗ್ಗಿಸಿದ. “ಒಂದೂ ತಿರುಗಿ ಬಂದಿಲ್ಲ ಅಂತ ಹೇಳೂವಾಗ ನಿಮ್ಮ ಮಾರಿ ಹೆಂಗ ಇರತೈತಿ, ನೀವ್ ನೋಡಿಲ್ಲ. ನಾ ಹೆಂಗ ತಿರುಗಿ ತರಲಿ?”

“ನಡಿ ಇಲ್ಲಿಂದ!” ಎಂದೆ. ಅವನು ಹೋದ.

ಸಂಜೆತನಕ ಕುದಿದೆ. ಅವಮಾನವೂ ಅಳುವೂ ಒಟ್ಟಿಗೆ ಬಂದವು. ಹದಿಮೂರು ತಾಸು! ನನ್ನ ಒಂದು ಹೆಮ್ಮೆಯ ಮಾತು ಉಳಿಸಲು ಆ ಚೀರಾಟದಲ್ಲಿ ಕೂತು ಹೋಗಿದ್ದನಲ್ಲ, ಇವನಿಗೇನು ಹುಚ್ಚೇ? ಅಪ್ಪ ಅರ್ಧ ಲೋಟ ಕಟಿಂಗ್ ಚಹಾ ತಂದು ಕೈಗಿಟ್ಟು ಒಂದೇ ಮಾತು ಹೇಳಿದ: “ಹೆದರಸಿ ಕೇಳಿದ್ರ ಯಾರವ್ವಾ ಖರೇ ಹೇಳ್ತಾರ?”

ಅದು ನಾಟಿತು. ಟೈರಿನ ಕೂದಲು ಕಂಡೂ ಕಾಣದಂತೆ ಬಿಟ್ಟವಳೂ ನಾನೇ. ಫೋನು ಮಾಡಿದೆ. “ಗಾಡಿ ತಗೊಂಡು ಬಾ. ತಿರುಗಿ ಬಂದ ಮೊದಲನೇ ಗೇರ್ ಅದು. ಎಲ್ಲಾರಿಗೂ ಹೇಳೇ ಬಿಚ್ಚತೀನಿ.”

ಮರುದಿನ ಬೆಳಗ್ಗೆ ಬಂದ. ಈ ಸಲ ಪಕ್ಕದ ಡಬ್ಬದ ಮೇಲೆ ಕೂತು ಮೆಲ್ಲಗೆ ಕೇಳಿದೆ. “ಎಲ್ಲಿ ಓಡಸ್ತಿ?”

“ವಾರ ಬಿಟ್ಟು ವಾರ ಬೆಳಗಾವಿಗೆ. ಉಳಿದ ದಿನಾ ಘಾಟ್ಕೋಪರ್‌ದಿಂದ ಭಾಂಡುಪ್‌ಗೆ. ಈ ಗಾಲಾದ ಮುಂದ ಒಂದ್ ರೌಂಡ್ ಹಾಕಿ ತಿರುಗಿ ಹೋಗೂದು.”

“ಮತ್ತ ಅಷ್ಟು ದೊಡ್ಡ ಟೈರ್ ಯಾಕ ಬೇಕಿತ್ತು?”

ಅವನು ಕಿವಿಯವರೆಗೂ ಕೆಂಪಾದ. “ಟೈರ್ ಹಾಕ್ಸೂ ಮೊದಲ ಈ ದಾರಿಯಾಗ ಹೋಗೂವಾಗ ನಿಮ್ಮನ್ನ ನೋಡಿದ್ನಿ. ನಿಮ್ಮ ಕಡೆ ಬರಾಕ ಬ್ಯಾರೆ ನೆವಾ ಸಿಗಲಿಲ್ರಿ.”

ನಾನು ಎದ್ದು ಸ್ಪ್ಯಾನರು ಹುಡುಕಿದೆ. ಅದು ಕೈಯಲ್ಲೇ ಇತ್ತು.

4.56 ಕೂಡಿಸಿದೆ. ಬಣ್ಣ ಹಚ್ಚಿ ಮೂರು ಸಲ ನೋಡಿದೆ. ಗುರುತು ನಟ್ಟನಡುವೆ ಬಿದ್ದಿತ್ತು. ಮುಂದಿನ ಶನಿವಾರ ಬೆಳ್ಳಂಬೆಳಗ್ಗೆ “ಟೆಸ್ಟ್ ಮಾಡಬೇಕಪ್ಪಾ” ಎಂದೆ.

“ಬೆಳಗಾವಿ ಮಟಾ ಟೆಸ್ಟ? ಹೋಗಿ ಬಾ, ಹೋಗಿ ಬಾ” ಎಂದು ಅಪ್ಪ ನಕ್ಕ.

ಸಾತಾರಾ ದಾಟಿತು. ಹಿಂದೆ ಸೀರೆಯ ಗಂಟುಗಳು, ಸ್ಪೀಡು ಎಂಬತ್ತು. ಕಿವಿಗೊಟ್ಟು ಕೂತಿದ್ದೆ, ಆಕ್ಸಲ್‌ನಿಂದ ಚಕಾರವಿಲ್ಲ. ಎದೆ ಉಬ್ಬಿತು. ಆಗ ಅನಿಲ ರಸ್ತೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ, ತೀರಾ ಮೆಲ್ಲಗೆ ಹೇಳಿದ.

“ಭುವಿ, ನೀ ಅಂದ್ರ ನನಗ ಜೀವ. ನನ್ನ ಲಗ್ನಾ ಆಗ್ತೀಯೇನು?”

ಮೈಯೆಲ್ಲ ಬಿಸಿಯಾಯಿತು. ಕೇಳಿದ ಕೂಡಲೇ ಹೂಂ ಎಂದುಬಿಟ್ಟರೆ ನನ್ನ ಗತ್ತು ಏನಾಗಬೇಕು? ಕಬ್ಬಿನ ಗದ್ದೆಯ ಕಡೆ ಮುಖ ತಿರುಗಿಸಿ “ಏನಂದಿ? ಕೇಳಸಲಿಲ್ಲ” ಎಂದೆ.

“ಕೇಳಸಲಿಲ್ಲ?” ಅವನ ತುಟಿಯಂಚಿನಲ್ಲಿ ನಗು ಕುಣಿಯಿತು. “ಅಂದ್ರ ಈ ಗೇರೂ ಭಾಳ ಸದ್ದು ಮಾಡಾಕತ್ತೈತಿ ಅನ್ನು. ಮತ್ತ ಬಿಚ್ಚಬೇಕಾತು.”

ಎಂಥ ಕಳ್ಳ! “ಏ! ನಾ ಕೂಡಿಸಿದ ಗೇರ್ ಸದ್ದು ಮಾಡಾಂಗಿಲ್ಲ!”

“ಹಂಗಾರ?”

“ಕೇಳಸ್ತು” ಎಂದೆ. “ಒಂದ್ ಅಕ್ಷರಾ ಬಿಡಲಾರದಂಗ ಕೇಳಸ್ತು. ಹೂಂ. ಈಗ ಮುಂದ ನೋಡಿ ಓಡಸು.”