ಪರಂಗಿ ಅಳಿಸಿದ ಗುರುತು

"ನೀನೇ ನೋಡ್ಬೇಕು, ಹರ್ಷಿತ."

ಹೊಸಕೋಟೆಯ ರಕ್ತನಿಧಿಯ ಕಿಟಕಿಯಲ್ಲಿ ಬೀರೇಶನ ಮುಖ ಕಂಡು, ಅಲ್ಲಿ ಕೆಲಸಕ್ಕಿದ್ದ ಹರ್ಷಿತ ಎದ್ದು ನಿಂತಳು. ಅವನೊಂದಿಗೆ ನಿಶ್ಚಯವಾಗಿದ್ದ ಮದುವೆ ಬಿಟ್ಟು ಬಂದಮೇಲೆ ಅವನನ್ನು ನೋಡಿದ್ದು ಇದೇ ಮೊದಲು. ಅವನ ಕೈಯಲ್ಲಿ ತಂಗಿ ಸಿಂಧುವಿನ ರಕ್ತದ ಸಣ್ಣ ಕೊಳವೆ. ಹೆರಿಗೆಯಾಗಿದೆ, ಅವಳಿಗೆ ರಕ್ತ ಏರಿಸಬೇಕಂತೆ.

"ಬೇರೆಯೋರ ಹತ್ರ ಮಾಡಿಸಿ..."

"ಯಾಕೆ?"

ಆ ಕೊಳವೆಯ ಹಿಂದೆ ಅವನ ಅವ್ವ ಮುನಿತಾಯಮ್ಮ ನಿಂತಿದ್ದಳು. ಸತ್ತಮೇಲೆ ಅವಳು ಹರ್ಷಿತಳ ಪ್ರತಿ ಕೊಳವೆಯ ಹಿಂದೆಯೂ ಹೀಗೇ ನಿಲ್ಲುತ್ತಿದ್ದಳು. ಸೆರಗು ಹೊದ್ದು, ಸುಮ್ಮನೆ.

ಮಾಂಸ ಬೇಗ ಬೇಯಲೆಂದು ಒಂದು ತುಂಡು ಪರಂಗಿಕಾಯಿ ಹಾಕುತ್ತೇವಲ್ಲ, ಅದರ ಹಾಲಿನ ಸತ್ವವೇ ಪಪೈನ್. ಪ್ರೋಟೀನನ್ನು ಕತ್ತರಿಸುವುದೇ ಅದರ ಗುಣ. ರಕ್ತ ಹೊಂದಿಸುವವರು ಅದನ್ನು ಕೆಂಪು ಕಣಗಳಿಗೆ ಬೆರೆಸುತ್ತಾರೆ; ರಕ್ತ ಹೊಂದದಿದ್ದರೆ ಕಣಗಳು ಗಂಟು ಕಟ್ಟುತ್ತವೆ. ಆಗ ಹೊಂದಾಣಿಕೆಯಲ್ಲಿ ಅಡಗಿದ್ದ ಕೆಲವು ದೋಷಗಳು ಎದ್ದು ಕಾಣುತ್ತವೆ. ಇನ್ನು ಕೆಲವು ದೋಷಗಳ ಗುರುತನ್ನೇ ಅದು ಅಳಿಸಿಬಿಡುತ್ತದೆ. ಅದಕ್ಕೇ ಪಪೈನ್ ಹಾಕದೆಯೂ ಒಮ್ಮೆ ನೋಡಬೇಕು.

ಅತ್ತೆಯಾಗಬೇಕಿದ್ದ ಮುನಿತಾಯಮ್ಮನಿಗೆ ರಕ್ತ ಹೊಂದಿಸಿದಾಗ ಹರ್ಷಿತ ಅವಸರದಲ್ಲಿ ಪಪೈನ್ ಹಾಕಿ ಮಾತ್ರ ನೋಡಿದ್ದಳು. ರಕ್ತದ ಚೀಲ ಕಳಿಸಿದಳು. ಸಂಜೆಯೊಳಗೆ ಸಾವಿನ ಸುದ್ದಿ ಬಂತು. ಫೋನ್ ಆರಿಸಿ, ಆಗ ಕೆಲಸಕ್ಕಿದ್ದ ದೊಡ್ಡಬಳ್ಳಾಪುರವನ್ನೇ ಬಿಟ್ಟಳು.

"ಅವ್ವನ್ನ ಕೊಂದಿದ್ದು ನಾನು," ಎಂದಳು. "ಒಂದು ಪರೀಕ್ಷೆ ಬಿಟ್ಬಿಟ್ಟಿದ್ದೆ."

ಬೀರೇಶ ಕಿಟಕಿಗೆ ಇನ್ನಷ್ಟು ಬಗ್ಗಿದ.

"ನೀನು ಕಳಿಸಿದ ರಕ್ತ ಏರಿಸ್ಲೇ ಇಲ್ವಲ್ಲೇ. ಅದು ಬರೋ ಹೊತ್ತಿಗೆ ಅವ್ವನ ಉಸಿರು ನಿಂತೋಗಿತ್ತು. ಹಂಗೇ ವಾಪಸ್ ಕಳಿಸಿದ್ರು."

ಅವಳು ಕಿಟಕಿಯ ಹತ್ತಿರಕ್ಕೆ ಬಂದಳು.

"ಹೇಳ್ಬಾರ್ದಿತ್ತಾ..."

"ಎಲ್ಲಿಗ್ ಬಂದು ಹೇಳ್ಲಿ? ಸಾವಿನ ಮನೆಗೆ ಸೊಸೆಯಾಗಿ ಬರಕ್ಕೆ ಇಷ್ಟ ಇಲ್ದೆ ಓಡೋದ್ಲು ಅಂದ್ರು ಜನ. ನಾನೂ ಅದನ್ನೇ ನಂಬ್ಬಿಟ್ಟೆ. ನೀನು ಇಲ್ಲಿರೋದು ಸಿಂಧುಗೆ ಈಚೆಗೆ ಗೊತ್ತಾಯ್ತು. 'ನನ್ ರಕ್ತ ಅತ್ತಿಗೇನೇ ನೋಡ್ಲಿ, ಹೋಗಣ್ಣ' ಅಂತ ಬೈದು ಕಳಿಸಿದ್ಲು."

ಹರ್ಷಿತ ಕೊಳವೆಯನ್ನೂ ದಾಸ್ತಾನಿನಿಂದ ಒಂದು ರಕ್ತದ ಚೀಲವನ್ನೂ ತೆಗೆದುಕೊಂಡಳು. ಪಪೈನ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ನೋಡಿದಳು. ಎರಡರಲ್ಲೂ ಕಣಗಳು ಗಂಟು ಕಟ್ಟಲಿಲ್ಲ.

ಮುನಿತಾಯಮ್ಮ ಮಾತ್ರ ಅಲ್ಲೇ ನಿಂತಿದ್ದಳು.

"ತಗೊಳ್ಳಿ, ಹೊಂದುತ್ತೆ," ಎಂದು ಹರ್ಷಿತ ಆ ಚೀಲ ಕೊಟ್ಟಳು.

"ಮನೆಗೆ ಬರ್ತೀಯಾ?"

"ಅವ್ವ ಇದ್ದ ಮನೆ... ಭಯ ಆಗುತ್ತೆ."

"ನಂಗೂ ಆಗುತ್ತೆ ಕಣೇ, ಒಬ್ನೇ ಇದ್ದು ಇದ್ದು. ಜೊತೇಲಿ ಹೋಗಣ."

ಅವಳು ಕಣ್ಣೊರೆಸಿಕೊಂಡಳು.

"ಮೊದ್ಲು ಇದನ್ನ ಸಿಂಧುಗೆ ತಲುಪಿಸಿ ಬನ್ನಿ. ಆಮೇಲೆ ಹೋಗಣ."