ಐದನೇ ಹಾಡಿನ ಹೆಂಗಸು

ನೆನೆಸಿದ ಅವರೆಕಾಳಿನ ಬೋಗುಣಿ ಮುಂದಿಟ್ಟುಕೊಂಡು ಪ್ರಮೀಳಾ ಹಿದುಕುತ್ತ ಕೂತಿದ್ದಳು. ಇನ್ನೂ ಅರ್ಧವೂ ಮುಗಿದಿರಲಿಲ್ಲ. ಮಹಡಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು.

"ಅಮ್ಮಾ, ಹಾಡಿಲ್ಲ."

ಮಗ ಸಿದ್ಧಾರ್ಥ್. ಇಪ್ಪತ್ತು ವರ್ಷ. ಕೈಯಲ್ಲಿ ಫೋನು, ಮುಖ ಬಿಳಿಚಿಕೊಂಡಿತ್ತು.

ಶುಕ್ರವಾರವಷ್ಟೇ ಅವನ ಮೊದಲ ಆಲ್ಬಂ ಬಿಡುಗಡೆಯಾಗಿತ್ತು. ಹೆಸರು 'ತಾರಸಿ'. ಎಂಟು ರ‍್ಯಾಪ್ ಹಾಡು. ಮರಳೂರಿನ ಬಾಡಿಗೆ ಮನೆಯ ತಾರಸಿಯಲ್ಲಿ ಕೂತು ಬರೆದದ್ದು, ತುಮಕೂರಿನದೇ ಸದಾಶಿವನಗರದ ಸ್ಟುಡಿಯೋದಲ್ಲಿ ಹಾಡಿದ್ದು. ಎರಡು ವರ್ಷದ ಕೆಲಸ. ಅದರಲ್ಲಿ ಐದನೇ ಹಾಡು ಮೂರೇ ದಿನಕ್ಕೆ ತುಮಕೂರು ದಾಟಿ ಹೋಯಿತು. ಅದು ಶುರುವಾಗುವುದು ಒಬ್ಬ ಹೆಂಗಸಿನ ದನಿಯಿಂದ. ನಾಲ್ಕು ಸಾಲು ಸೋಬಾನೆ, ಆಮೇಲೆ ಬೀಟು, ಆಮೇಲೆ ಸಿದ್ಧಾರ್ಥ್. ಸೀಮಂತದ ವಿಡಿಯೋಗೂ ಅದೇ ನಾಲ್ಕು ಸಾಲು, ಕಾಲೇಜು ಹುಡುಗಿಯರ ರೀಲಿಗೂ ಅದೇ. ಆ ಯಮ್ಮನ ದನಿ ಒಂದೇ ಸಾಕು, ಮಿಕ್ಕಿದ್ದೆಲ್ಲ ಕೂಗಾಟ ಎಂದು ಒಬ್ಬ ಬರೆದಿದ್ದ. ಅದನ್ನು ಓದಿದ ಮಧ್ಯಾಹ್ನ ಸಿದ್ಧಾರ್ಥ್ ಊಟ ಮಾಡಿರಲಿಲ್ಲ.

ಈಗ ಆ ಹಾಡೇ ಮಾಯ. ಯಾರೋ ದೂರು ಕೊಟ್ಟಿದ್ದಾರೆ, ಕಂಪನಿಯವರು ತೆಗೆದುಹಾಕಿದ್ದಾರೆ. ಇನ್ನೊಂದು ದೂರು ಹೋದರೆ ಚಾನೆಲ್ಲೇ ಮುಚ್ಚುತ್ತದೆ. ಎಂಟೂ ಹಾಡು ಮಣ್ಣುಪಾಲು. ಕದ್ದ ಹಾಡು, ಕಳ್ಳ ನನ್ಮಗ ಎಂದು ಕಾಮೆಂಟುಗಳು ಆಗಲೇ ಬೀಳುತ್ತಿದ್ದವು. ಭಾನುವಾರ ಅವನ ಮೊದಲ ದೊಡ್ಡ ಕಾರ್ಯಕ್ರಮವಿತ್ತು. ಈ ರಗಳೆ ತೀರದಿದ್ದರೆ ಬರಬೇಡ ಎಂದು ಸಂಘಟಕರ ಫೋನು ಬಂದಾಗಿತ್ತು.

"ಶಿವರಾಜಂದೇ ಕೆಲ್ಸ ಇದು. ಇವತ್ತು ಅವ್ನನ್ನ ಬಿಡಲ್ಲ."

ಶಿವರಾಜ್ ಬೀಟು ಮಾಡಿಕೊಟ್ಟ ಗೆಳೆಯ. ಕವರಿನ ಮೇಲೆ ತನ್ನ ಹೆಸರು ಸಾಸಿವೆಯಷ್ಟು ಹಾಕಿದ್ದಾರೆಂದು ಮಾತು ಬಿಟ್ಟಿದ್ದ.

ಪ್ರಮೀಳಾ ಬೋಗುಣಿಗೆ ತಟ್ಟೆ ಮುಚ್ಚಿದಳು. ಕೈ ತೊಳೆದಳು. ಹುಡುಗ ಈ ಸಿಟ್ಟಿನಲ್ಲಿ ಒಬ್ಬನೇ ಹೋಗುವುದು ಬೇಡ.

ಆಟೋದಲ್ಲಿ ಕೂತು ಅವಳು ಫೋನು ಇಸಿದುಕೊಂಡು ಕಂಪನಿಯ ಪತ್ರವನ್ನು ಮೊದಲಿಂದ ಕೊನೆವರೆಗೆ ಓದಿದಳು. ಮಗ ಮೊದಲ ಸಾಲಷ್ಟೇ ಓದಿದ್ದ. ಹಾಡು ಕದ್ದಿದ್ದಾರೆಂದು ಅದರಲ್ಲಿ ಎಲ್ಲೂ ಇರಲಿಲ್ಲ. ಒಬ್ಬ ವ್ಯಕ್ತಿಯ ಖಾಸಗಿತನಕ್ಕೆ ಧಕ್ಕೆಯಾಗಿದೆ ಎಂದಿತ್ತು. ದೂರು ಕೊಟ್ಟವರ ಹೆಸರು ಹೇಳಿರಲಿಲ್ಲ.

ಫೋನು ವಾಪಸ್ ಕೊಟ್ಟಳು.

* * *

ಸ್ಟುಡಿಯೋ ಅಂದರೆ ಒಂದು ಮನೆಯ ಹಿಂಭಾಗದ ಕೋಣೆ. ಗೋಡೆಗೆಲ್ಲ ಸ್ಪಂಜು. ಮಾಲೀಕ ಕಾಂತೇಶ್ ಹಿಂದೆ ಮದುವೆ ವಿಡಿಯೋ ತೆಗೆಯುತ್ತಿದ್ದವನು. ಶಿವರಾಜನೂ ಅಲ್ಲೇ ಇದ್ದ. ಸಿದ್ಧಾರ್ಥ್ ಒಳಗೆ ಕಾಲಿಟ್ಟವನೇ ಅವನ ಕೊರಳಪಟ್ಟಿಗೆ ಕೈಹಾಕಿದ.

ಶಿವರಾಜ್ ಕೈ ಕೊಡವಿಕೊಂಡ. "ಲೇ, ಅದ್ರಲ್ಲಿ ಬೀಟು ಯಾರ‍್ದು? ಜನ ಕೇಳಿರೋದು ಅದೊಂದೇ ಹಾಡು. ನನ್ ಕೂಸಿನ ಕತ್ತು ನಾನೇ ಹಿಸುಕ್ತೀನೇನ್ಲಾ?"

ಪ್ರಮೀಳೆಗೆ ಅದು ಸರಿಯೆನಿಸಿತು. ಮುನಿಸಿದ್ದರೂ ಯಾವ ಅಡುಗೆಯವನೂ ತಾನು ಮಾಡಿದ ಸಾರಿಗೇ ಉಪ್ಪು ಸುರಿಯುವುದಿಲ್ಲ. ಹಾಳು ಮಾಡುವುದಿದ್ದರೆ ತನ್ನ ಕೈಯಿಲ್ಲದ ಬೇರೆ ಹಾಡು ಹಿಡಿಯುತ್ತಿದ್ದ.

ಕಾಂತೇಶನ ಮೇಲೂ ಒಂದು ಕಣ್ಣಿಟ್ಟಳು. ಹಾಡಿನ ಎಲ್ಲ ತುಣುಕುಗಳೂ ಇದ್ದದ್ದು ಅವನ ಕಂಪ್ಯೂಟರಿನಲ್ಲಿ. ಆದರೆ ಬೆಳಗಿನಿಂದ ಅವನ ಫೋನಿಗೂ ಬಿಡುವಿರಲಿಲ್ಲ. ಕದ್ದ ಮಾಲಿನ ಸ್ಟುಡಿಯೋ ಅಂತ ಇಬ್ಬರು ಗಿರಾಕಿಗಳು ಆಗಲೇ ಕೈಬಿಟ್ಟಿದ್ದರಂತೆ.

ಬೀಟು ತೆಗೆದು ಆ ಹೆಂಗಸಿನ ದನಿಯೊಂದನ್ನೇ ಕೇಳಿಸಲು ಅವಳು ಕೇಳಿಕೊಂಡಳು. ಕಾಂತೇಶ್ ಒಂದೆರಡು ಗುಂಡಿ ಒತ್ತಿದ.

ದನಿ ಹತ್ತಿರದ್ದು. ತಗ್ಗಿನದ್ದು. ತನಗೆ ತಾನೇ ಹಾಡಿಕೊಳ್ಳುವಂಥದ್ದು. ಅದರ ಜೊತೆಗೇ ಕರ್, ಕರ್, ಕರ್ ಎಂದು ಒಂದು ಸದ್ದು. ಹುಡುಗರಿಗೆ ಅದು ಯಾವುದೋ ವಾದ್ಯವೆನಿಸಿತ್ತು. ಪ್ರಮೀಳೆಗೆ ತಕ್ಷಣ ತಿಳಿಯಿತು. ತುರಿಮಣೆ. ಯಾರೋ ತೆಂಗಿನಕಾಯಿ ತುರಿಯುತ್ತಾ ಹಾಡುತ್ತಿದ್ದಾರೆ. ದೂರದಲ್ಲಿ ಇನ್ನಷ್ಟು ಹೆಂಗಸರು ಅದೇ ಪದ ಹಾಡುತ್ತಿದ್ದಾರೆ. ಅವರಲ್ಲೊಬ್ಬಳು ಎಲ್ಲರಿಗಿಂತ ಅರ್ಧ ಸಾಲು ಹಿಂದೆ.

ಅವಳ ಕಿವಿ ಬೆಚ್ಚಗಾಯಿತು. ಆ ಹಿಂದೆ ಬೀಳುವ ದನಿ ಅವಳದೇ. ಪ್ರಮೀಳಾ ಕೂತರೆ ಪದಕ್ಕೆ ಎತ್ತಿನಗಾಡಿ ಕಟ್ಟಿದಂತೆ ಎಂದು ತವರಿನವರು ಆಡಿಕೊಳ್ಳುವುದು ಸುಮ್ಮನೆ ಅಲ್ಲ. ಈ ವರ್ಷ ಅವಳು ಸೋಬಾನೆಗೆ ಕೂತದ್ದು ಒಂದೇ ಸಲ. ಗುಬ್ಬಿಯಲ್ಲಿ, ಅಣ್ಣನ ಮಗಳು ಪೂಜಾಳ ಅರಿಶಿನ ಶಾಸ್ತ್ರದಲ್ಲಿ.

ಈ ದನಿ ಎಲ್ಲಿಂದ ಬಂತೆಂದು ಕೇಳಿದಳು. ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಕ್ಕಿತೆಂದು ಸಿದ್ಧು ಹೇಳಿದ್ದ ಎಂದ ಶಿವರಾಜ್. ಕಾಂತೇಶ್ ತಲೆಯೆತ್ತಿದ.

"ನಂಗೆ ಹಂಗಂದಿಲ್ವಲ್ಲಕ್ಕ. ಗೊತ್ತಿರೋರ‍್ದು, ಕೇಳಿದೀನಿ, ಒಪ್ಪಿದಾರೆ ಅಂದ."

ಇಬ್ಬರಿಗೆ ಎರಡು ಉತ್ತರ. ಸಿದ್ಧಾರ್ಥ್ ಬಾಗಿಲ ಕಡೆ ನೋಡುತ್ತಿದ್ದ. ಚಿಕ್ಕಂದಿನಲ್ಲಿ ಏನಾದರೂ ಒಡೆದಾಗಲೂ ಅವನು ಹೀಗೇ ಬಾಗಿಲು ನೋಡುತ್ತಿದ್ದ. ಪ್ರಮೀಳಾ ಅವನನ್ನು ಅಲ್ಲಿ ಏನೂ ಕೇಳಲಿಲ್ಲ. ನಾಲ್ಕು ಜನರ ಮುಂದೆ ಕೇಳಿದರೆ ಮೂರನೇ ಉತ್ತರ ಹುಟ್ಟುತ್ತದೆ.

"ಬಾ, ಗುಬ್ಬಿ ಬಸ್ ಹಿಡಿಯೋಣ," ಎಂದಳು.

* * *

ಗುಬ್ಬಿಯಲ್ಲಿ ಅತ್ತಿಗೆ ಸಿದ್ದಗಂಗಮ್ಮ ಹೊತ್ತಲ್ಲದ ಹೊತ್ತಿನಲ್ಲಿ ಬಂದ ನಾದಿನಿಯನ್ನು ಕಂಡು ಗಾಬರಿಯಾದಳು. ಕಾಫಿ ಇಟ್ಟಳು. ಸಿದ್ಧಾರ್ಥ್ ಕೂರಲಿಲ್ಲ. ಅಂಗಳಕ್ಕೆ ಹೋಗುವುದು, ಬರುವುದು, ಫೋನು ನೋಡುವುದು.

ಪ್ರಮೀಳಾ ಮದುವೆಯ ಮಾತು ತೆಗೆದಳು. ಅರಿಶಿನದ ದಿನ ಕಾಯಿ ತುರಿದವರು ಯಾರು? ಕಂಟ್ರಾಕ್ಟಿನ ಅಡುಗೆಯವರು ಹಿತ್ತಲ ಶಾಮಿಯಾನದಲ್ಲಿದ್ದರು, ಅವರದ್ದು ತುರಿಯುವ ಮಿಷನ್ನು ಎಂದಳು ಅತ್ತಿಗೆ. ಒಳಮನೆಯ ತುರಿಮಣೆ ಹಿಡಿದವಳು ಒಬ್ಬಳೇ. ಕುಣಿಗಲ್ ಕಡೆಯ ತನ್ನ ದೊಡ್ಡಮ್ಮ, ಚೆನ್ನಮ್ಮ.

"ದೊಡ್ಡಪ್ಪ ತೀರ‍್ಕೊಂಡು ಆಗ ಮೂರು ತಿಂಗ್ಳು. ಹಸೆ ಹತ್ರ ಬರಲ್ಲ ಅಂತ ಅವ್ಳೇ ಒಳಗೆ ಉಳ್ಕೊಂಡ್ಲು. ಕೈಗೊಂದು ಕೆಲ್ಸ ಕೊಡೇ, ಸುಮ್ನೆ ಕೂತ್ರೆ ಎದೆ ಉರೀತದೆ ಅಂದ್ಲು. ಮೊದ್ಲೆಲ್ಲ ಆ ಕಡೆ ಅವ್ಳಿಲ್ದೆ ಒಂದ್ ಮದ್ವೆ ಆಗ್ತಿರ‍್ಲಿಲ್ಲ ಕಣೇ, ಅಂಥಾ ಹಾಡುಗಾರ‍್ತಿ."

ಅಡುಗೆಮನೆ ಕಡೆ ಬೇರೆ ಯಾರಾದರೂ ಸುಳಿದಿದ್ದರೇ?

ಯಾರೂ ಇಲ್ಲ ಎಂದಳು ಅತ್ತಿಗೆ. ಆಮೇಲೆ ನಕ್ಕಳು. ಕಾಫಿ ಕಾಫಿ ಅಂತ ನಿನ್ನ ಮಗನೇ ಎರಡು ಸಲ ಬಂದು ಬಾಗಿಲಲ್ಲಿ ನಿಂತಿದ್ದ.

ಅಂಗಳದಲ್ಲಿ ಹೆಜ್ಜೆಯ ಸದ್ದು ನಿಂತಿತು.

* * *

ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿ ಮಾರ್ಕೋನಹಳ್ಳಿಯ ದಾರಿ ಹಿಡಿದರು. ಚೆನ್ನಮ್ಮನ ಮನೆ ಮುಂದೆ ಇಳಿದಾಗ ಮೂರು ಗಂಟೆ. ಬಾಗಿಲಲ್ಲಿ ನಿಂತಿದ್ದವನು ಅವಳ ಮಗ ಸಂತೋಷ್. ಒಳಗೆ ಬನ್ನಿ ಎನ್ನಲಿಲ್ಲ.

"ದೂರು ನಾನೇ ಕೊಟ್ಟಿದ್ದು ಪ್ರಮೀಳಕ್ಕ. ಎರಡ್ನೇದೂ ಬರ‍್ದು ಇಟ್ಟಿದೀನಿ. ಸಂಜೆ ಕಳಿಸ್ತೀನಿ."

ಕಾರಣವನ್ನೂ ಅವನೇ ಹೇಳಿದ. ಹಾಡು ಬಂದ ಮಾರನೇ ದಿನವೇ ಊರಿನ ಹೆಂಗಸರು ದನಿ ಗುರುತು ಹಿಡಿದರು. ಗಂಡ ಸತ್ತು ವರ್ಷ ತುಂಬಿಲ್ಲ, ಮದುವೆ ಮನೆಯಲ್ಲಿ ಸೋಬಾನೆ ಹೇಳಿ ಫೋನಿಗೆ ಬಿಟ್ಟವ್ಳೆ ಎಂದು ಡೇರಿಯ ಮುಂದೆಯೇ ಆಡಿಕೊಂಡರು. ಅಂದಿನಿಂದ ಅವ್ವ ಹಾಲು ಹಾಕಲು ಹೋಗಿಲ್ಲ. ಹೊಸಿಲು ದಾಟಿಲ್ಲ. ಆ ದನಿ ಯಾರು ಹಿಡಿದರು, ಯಾವಾಗ ಹಿಡಿದರು ಎಂಬುದು ಅವಳಿಗೇ ಗೊತ್ತಿಲ್ಲ.

ಚೆನ್ನಮ್ಮ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಪ್ರಮೀಳಾ ಹೋಗಿ ಅವಳೆದುರು ನೆಲದ ಮೇಲೆ ಕೂತಳು.

"ನಾನು ಹೇಳ್ತೀನಿ ದೊಡ್ಡಮ್ಮ," ಎಂದಳು.

ಒಂದೊಂದಾಗಿ ಹೇಳಿದಳು. ಪತ್ರದಲ್ಲಿ ಹಾಡಿನ ಕಳ್ಳತನದ ಮಾತಿರಲಿಲ್ಲ, ಒಬ್ಬರ ಮರ್ಯಾದೆಯ ಮಾತಿತ್ತು. ಹಾಗಾಗಿ ದೂರು ಕೊಟ್ಟದ್ದು ಹೊಟ್ಟೆಕಿಚ್ಚಿನವರಲ್ಲ, ನೊಂದವರು. ದನಿಯ ಹಿಂದೆ ತುರಿಮಣೆಯಿತ್ತು. ಹಾಗಾಗಿ ಹಾಡಿದ್ದು ಅಡುಗೆಮನೆಯಲ್ಲಿ. ದೂರದಲ್ಲಿ ತನ್ನದೇ ಹಿಂದೆ ಬೀಳುವ ದನಿ. ಹಾಗಾಗಿ ಅದು ಪೂಜಾಳ ಮದುವೆ. ಹಸೆಯ ಮುಂದಿದ್ದ ಹೆಂಗಸರಿಗಿಂತ ಪದ ಚೆನ್ನಾಗಿ ಬಲ್ಲವಳು, ಆದರೂ ಹಸೆಯ ಮುಂದೆ ಕೂರದವಳು, ಆ ಮನೆಯಲ್ಲಿ ಒಬ್ಬಳೇ. ಅವಳಿಗೆ ತಿಳಿಯದ ಹಾಗೆ ಬಾಗಿಲಲ್ಲಿ ಫೋನು ಹಿಡಿದು ನಿಂತವನೂ ಒಬ್ಬನೇ.

"ಕಳ್ಳನ್ನ ಹುಡುಕ್ತೀನಿ ಅಂತ ಬೆಳಗ್ಗೆ ಹೊರಟೆ. ನನ್ ಪಕ್ಕದ ಸೀಟಲ್ಲೇ ಕೂತಿದ್ದ."

ಕದಿಯಬೇಕೆಂದು ಮಾಡಲಿಲ್ಲ ಎಂದ ಸಿದ್ಧಾರ್ಥ್. ಕಾಫಿಗೆ ಹೋದವನಿಗೆ ಆ ದನಿ ಕೇಳಿ ಮೈ ಜುಮ್ಮೆಂದಿತಂತೆ, ಕೈ ತಾನಾಗಿ ಫೋನಿಗೆ ಹೋಯಿತಂತೆ. ಆಮೇಲೆ ಎಷ್ಟು ಬರೆದರೂ ಅದರ ಸಮಕ್ಕೆ ಒಂದು ಸಾಲೂ ಬರಲಿಲ್ಲವಂತೆ.

"ಸೋಬಾನೆ ಪದ ಯಾರಪ್ಪಂದೂ ಅಲ್ವಲ್ಲ ಅಜ್ಜಿ. ಎಲ್ಲಾರೂ ಹಾಡ್ತಾರೆ. ಅದುಕ್ಕೆ..."

ಚೆನ್ನಮ್ಮ ಮೊದಲ ಸಲ ಅವನ ಮುಖ ನೋಡಿದಳು.

"ಪದ ಎಲ್ಲಾರ‍್ದೂ ಕಣಪ್ಪ. ಗಂಟ್ಲು ನಂದು. ಆವತ್ತು ಹಾಡಿದ್ದು ಮದ್ವೆಗಲ್ಲ. ಹಸೆ ಹತ್ರ ಹೋಗಂಗಿಲ್ವಲ್ಲ ಅಂತ ನನ್ ಹೊಟ್ಟೆ ಸಂಕ್ಟಕ್ಕೆ ಹಾಡ್ಕಂಡಿದ್ದು."

ಸಂತೋಷ್ ಬಾಗಿಲಿನಿಂದ ಕದಲಲಿಲ್ಲ.

"ಯಾಕೆ ಕೇಳ್ಲಿಲ್ಲ ನೀನು?" ಎಂದಳು ಪ್ರಮೀಳಾ. ದನಿ ಏರಿಸಲಿಲ್ಲ.

"ಕೇಳಿದ್ರೆ ಬೇಡ ಅಂದ್ಬಿಡ್ತಾರೆ ಅಂತ."

"ಈಗ್ಲೂ ಅನ್ನಬೋದು."

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಸಂತೋಷ್ ಇದ್ದ. ಮತ್ತೆ ತಾಯಿಯ ಕಡೆ ನೋಡಿದ. ಅವಳು ಅವನ ಪರವಾಗಿ ಒಂದು ಮಾತೂ ಆಡುವಂತೆ ಕಾಣಲಿಲ್ಲ. ಇಷ್ಟು ದಿನ ಅವನು ತಪ್ಪು ಮಾಡಿದಾಗೆಲ್ಲ ಕ್ಷಮೆ ಕೇಳಿದವಳು ಅವಳೇ. ಈ ಸಲ ಮಡಿಲಲ್ಲಿ ಕೈಯಿಟ್ಟುಕೊಂಡು ಕಾದಳು.

ಸಿದ್ಧಾರ್ಥ್ ಫೋನು ತೆಗೆದ. ಮದುವೆಯ ದಿನ ಹಿಡಿದಿದ್ದ ರೆಕಾರ್ಡಿಂಗನ್ನು ಅಲ್ಲೇ, ಎಲ್ಲರ ಕಣ್ಣೆದುರು ಅಳಿಸಿದ. ಸ್ಟುಡಿಯೋದಲ್ಲಿರುವುದನ್ನೂ ಅಳಿಸಿ ಎಂದು ಕಾಂತೇಶನಿಗೆ ಮೆಸೇಜು ಹಾಕಿದ. ಭಾನುವಾರದ ಸಂಘಟಕರ ಫೋನು ಬಂತು. ಕತ್ತರಿಸಿದ. ಆಮೇಲೆ ಚೆನ್ನಮ್ಮನ ಕಾಲ ಬಳಿ ಬಂದು ಕೂತ. ಸಾವಿರ ಜನ ಕೇಳುವಂತೆ ಪದ ಉದುರಿಸುತ್ತಿದ್ದ ಹುಡುಗನಿಗೆ ಈ ಒಂದು ಮಾತು ಗಂಟಲಿನಿಂದ ಮೇಲೆ ಬರಲು ಹೊತ್ತು ಹಿಡಿಯಿತು.

"ಅಜ್ಜಿ, ನನ್ ಹಾಡಿಗೆ ನಿಮ್ ದನಿ ಕೊಡ್ತೀರಾ?"