ಟಿಕ್ ಇಲ್ಲದ ಎಲ್ಬೋ

"ದೂರ ನಿಂತ್ಕೊಳ್ರೋ, ಚೂರು ಹಾರಿ ಕಣ್ಣಿಗೆ ಬೀಳುತ್ತೆ," ಎಂದು ಗಾರೆ ಮೇಸ್ತ್ರಿ ಗದರಿದ.

ಐದನೇ ಕ್ಲಾಸಿನವರು ಒಬ್ಬರೂ ಕದಲಲಿಲ್ಲ. ಕಟ್ಟಿ ಎರಡು ತಿಂಗಳೂ ತುಂಬದ ಸ್ಕೂಲಿನ ಹೊಸ ವಾಶ್‌ರೂಮಿನ ಗೋಡೆಯನ್ನು ಮೇಸ್ತ್ರಿ ಉಳಿ, ಸುತ್ತಿಗೆ ಹಿಡಿದು ಒಡೆಯುತ್ತಿದ್ದ. ಗಣಿತದ ಪೀರಿಯಡ್ ಬಿಟ್ಟು ಇಂಥದ್ದನ್ನು ನೋಡಲು ಸಿಕ್ಕರೆ ಯಾರು ತಾನೇ ಕದಲುತ್ತಾರೆ?

ಎಲ್ಲರಿಗಿಂತ ಮುಂದೆ ನಿಂತಿದ್ದವಳು ಅರ್ಧ ಇಂಚು. ಕ್ಲಾಸಿನಲ್ಲೇ ಕುಳ್ಳಿಯಾದ ಅವಳಿಗೆ ಆ ಅಡ್ಡಹೆಸರು ಇಟ್ಟವನು ಬಡಗಿ ಮಾಮ. ಅವನು ಅವಳ ಅಪ್ಪನ ಗೆಳೆಯ. ಅಪ್ಪ ಪ್ಲಂಬರ್. ಇಬ್ಬರೂ ಒಂದೇ ಕಂಟ್ರಾಕ್ಟರ್ ಕೈಕೆಳಗೆ ಹನ್ನೆರಡು ವರ್ಷದಿಂದ ಕೆಲಸ ಮಾಡುತ್ತಿದ್ದರು. ಈ ವಾಶ್‌ರೂಮಿನ ಪೈಪುಗಳೆಲ್ಲ ಅಪ್ಪನ ಕೆಲಸ. ಬಾಗಿಲು, ಚೌಕಟ್ಟು, ಕನ್ನಡಿಯ ಹಲಗೆಗಳೆಲ್ಲ ಮಾಮನ ಕೆಲಸ.

ವಾಶ್‌ರೂಮಿಗೂ ಐದನೇ ಕ್ಲಾಸಿಗೂ ಒಂದೇ ಗೋಡೆ. ಮೂರು ದಿನದ ಹಿಂದೆ ಕ್ಲಾಸಿನ ಕಡೆಯಲ್ಲಿ ಬಣ್ಣ ಉಬ್ಬಿತು. ಆಮೇಲೆ ತೇವ ಇಳಿಯಿತು. ನಿನ್ನೆ ಕೊನೆ ಬೆಂಚಿನಲ್ಲಿ ಇಟ್ಟಿದ್ದ ಬ್ಯಾಗುಗಳೆಲ್ಲ ಒದ್ದೆ.

"ನಿಮ್ಮಪ್ಪ ಹಾಕಿದ ಪೈಪು ತಾನೇ?" ಎಂದು ಪಕ್ಕದ ಬೆಂಚಿನ ಉದ್ದನೆಯ ಹುಡುಗ ಕೆಣಕಿದ್ದ.

"ನಮ್ಮಪ್ಪ ಹಾಕಿದ ಜಾಯಿಂಟ್ ಬಿಡೋ ಮಾತೇ ಇಲ್ಲ."

"ಬೆಟ್ ಕಟ್ತೀಯಾ? ನನ್ನ ಹೊಸ ಜಾಮಿಟ್ರಿ ಬಾಕ್ಸ್."

"ಕಟ್ತೀನಿ. ನಂದು ಕಲರ್ ಪೆನ್ಸಿಲ್ ಸೆಟ್," ಎಂದಿದ್ದಳು ಅರ್ಧ ಇಂಚು. ಅವಳಿಗೆ ಅಷ್ಟು ಧೈರ್ಯ.

ಧೈರ್ಯಕ್ಕೆ ಕಾರಣವೂ ಇತ್ತು. ಅಪ್ಪನ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಪೈಪು, ಮೂಲೆ ತಿರುಗಿಸುವ ಎಲ್ಬೋ, ಕವಲೊಡೆಸುವ ಟೀ ಎಲ್ಲವನ್ನೂ ಅಂಟಿಸದೆ ಸುಮ್ಮನೆ ಜೋಡಿಸಿ, ಅಳತೆ ಸರಿಯಿದೆಯೇ ನೋಡುತ್ತಿದ್ದ. ಪ್ರತಿ ಜಾಯಿಂಟಿಗೂ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಿದ್ದ. ಆಮೇಲೆ ಒಂದೊಂದನ್ನೇ ಬಿಚ್ಚಿ, ಸಲ್ಯೂಷನ್ ಅಂಟು ಸವರಿ, ಗೆರೆಗೆ ಗೆರೆ ಕೂಡಿಸಿ ಒತ್ತಿ ಹಿಡಿಯುತ್ತಿದ್ದ. ಅದು ಕಚ್ಚಿಕೊಂಡ ಮೇಲೆ ಕೆಂಪು ಮಾರ್ಕರಿನಲ್ಲಿ ಒಂದು ಟಿಕ್. ಟಿಕ್ ಇಲ್ಲದಿದ್ದರೆ ಅಂಟಿಸಿಲ್ಲ ಎಂದೇ ಅರ್ಥ. ಬರಿದೇ ಜೋಡಿಸಿದ ಜಾಯಿಂಟೂ ಕೆಲವು ವಾರ ನೀರು ಹಿಡಿದುಕೊಂಡು ನಿಲ್ಲುತ್ತದೆ. ಆಮೇಲೆ ಕೈಕೊಡುತ್ತದೆ. ಅದಕ್ಕೇ ಟಿಕ್‌ಗಳನ್ನು ಎಣಿಸದೆ ಅಪ್ಪ ಗೋಡೆಯನ್ನು ಮೇಸ್ತ್ರಿಯ ಕೈಗೆ ಕೊಡುತ್ತಿರಲಿಲ್ಲ.

ಗಾರೆಯ ದೊಡ್ಡ ಹೆಂಟೆಯೊಂದು ದಬಕ್ಕನೆ ಬಿತ್ತು. ಒಳಗಿನ ಪೈಪು ಕಾಣಿಸಿತು. ಎಲ್ಬೋ ಜಾಯಿಂಟಿನ ಬಾಯಿಂದ ನೀರು ಹನಿಹನಿಯಾಗಿ ಜಿನುಗುತ್ತಿತ್ತು. ಕಂಟ್ರಾಕ್ಟರ್ ಪಕ್ಕದಲ್ಲಿ ನಿಂತಿದ್ದ ಅಪ್ಪ ಮುಂದೆ ಬಂದು ಮೊಣಕಾಲೂರಿ ಬಗ್ಗಿದ. ಅರ್ಧ ಇಂಚೂ ಅವನ ತೋಳಿನ ಸಂದಿಯಿಂದ ಇಣುಕಿದಳು.

ಮೇಲಿನ ಟೀಗೆ ಕೆಂಪು ಟಿಕ್ ಇತ್ತು. ಪಕ್ಕದ ಕಪ್ಲಿಂಗಿಗೂ ಇತ್ತು. ಈ ಎಲ್ಬೋ ಮೇಲೆ ಬರೀ ಪೆನ್ಸಿಲ್ ಗೆರೆ.

ಅಪ್ಪ ಈ ಪೈಪು ಜೋಡಿಸಿದ ದಿನ ಪೂರ್ತಿ ಅವಳ ನೆನಪಿಗೆ ಬಂತು. ಮಿಸ್ ಹೇಳಿದ್ದರು, "ಕಟ್ಟಡ ಕೆಲಸದ ಇಪ್ಪತ್ತು ಪದ ಬರ್ಕೊಂಡು ಬನ್ನಿ. ಪುಸ್ತಕ ನೋಡಿ ಅಲ್ಲ, ಕೆಲಸ ಮಾಡೋರನ್ನ ಕೇಳಿ." ಊಟದ ಬಿಡುವಿನಲ್ಲಿ ಅವಳು ನೋಟ್‌ಬುಕ್ ಹಿಡಿದು ಇಲ್ಲಿಗೇ ಓಡಿ ಬಂದಿದ್ದಳು. ಆಗ ಇದು ಬರೀ ಇಟ್ಟಿಗೆ ಗೋಡೆ. ಅಪ್ಪನ ಕೈಯಲ್ಲಿ ಸಲ್ಯೂಷನ್ ಡಬ್ಬಿ.

"ಎಲ್ಬೋ, ಟೀ, ಕಪ್ಲಿಂಗ್, ರೆಡ್ಯೂಸರ್," ಎಂದು ಅಪ್ಪ ಒಂದೊಂದನ್ನೇ ಎತ್ತಿ ತೋರಿಸಿದ್ದ. "ಇದು ಯೂನಿಯನ್. ಬೇಕಾದಾಗ ಬಿಚ್ಚಬಹುದು. ಇದು ಎಂಡ್ ಕ್ಯಾಪ್. ಇಲ್ಲಿಗೆ ನೀರಿನ ಆಟ ಮುಗೀತು."

"ಬರೀ ನೀರಿಂದೇ ಬರ್ಕೊಂಡ್ರೆ ನಿನ್ನ ಪುಸ್ತಕಕ್ಕೆ ಶೀತ ಆಗುತ್ತೆ ಕಣೇ ಅರ್ಧ ಇಂಚು. ಮರದ್ದೂ ಬರ್ಕೋ," ಎಂದು ಮಾಮ ನಡುವೆ ಬಾಯಿ ಹಾಕಿದ್ದ. "ಗರಗಸ, ಮೂಲೆಮಟ್ಟ, ಕೊರಡು, ಪ್ಲೈವುಡ್. ಇದು ರಸಮಟ್ಟ. ಇದರೊಳಗಿನ ಗುಳ್ಳೆ ಮಧ್ಯಕ್ಕೆ ಬರೋ ತನಕ ನಂಗೆ ಉಸಿರು ಬಿಡೋಕೂ ಭಯ."

ನಕ್ಕೂ ನಕ್ಕೂ ಇಪ್ಪತ್ತೆರಡು ಪದಗಳಾದವು. ಬೆಲ್ ಹೊಡೆಯಿತು. "ಎಲ್ಲಿಗೆ ಬಂದಿದ್ದೆ ನಾನು?" ಎನ್ನುತ್ತಾ ಅಪ್ಪ ಮತ್ತೆ ಬ್ರಶ್ ಎತ್ತಿಕೊಂಡಿದ್ದ. ಹೊರಗೆ ಟೈಲ್ಸಿನವರು ಕಾಯುತ್ತಿದ್ದರು. ಕಂಟ್ರಾಕ್ಟರ್ ಬೇಗ ಬೇಗ ಎಂದು ಕುಣಿಯುತ್ತಿದ್ದ. ಆಗಲೇ ಅಪ್ಪ ಈ ಎಲ್ಬೋವನ್ನು ಬಿಟ್ಟು ಮುಂದಿನದಕ್ಕೆ ಹೋಗಿರಬೇಕು. ಕೊನೆಗೆ ಎಣಿಸಿಯೂ ಇರಲಿಕ್ಕಿಲ್ಲ.

ಈಗ ಅಪ್ಪನೂ ಆ ಎಲ್ಬೋವನ್ನೇ ನೋಡುತ್ತಿದ್ದ. ಮೆಲ್ಲಗೆ ಹೆಬ್ಬೆರಳು ಚಾಚಿ, ಅಂಟಿದ ಸಿಮೆಂಟ್ ಒರೆಸುವವನ ಹಾಗೆ ಪೆನ್ಸಿಲ್ ಗೆರೆಯನ್ನು ಉಜ್ಜಿದ. ಗೆರೆ ಹೋಯಿತು.

"ಏನಯ್ಯಾ ಇದು?" ಎಂದ ಕಂಟ್ರಾಕ್ಟರ್. "ಹೆಡ್ ಮಿಸ್ ಮುಂದೆ ನನ್ನ ಮಾನ ಹೋಯ್ತು. ಯಾರ ಕೆಲಸ ಇದು?"

ಅಪ್ಪ ತಲೆಯೆತ್ತಿದ. ಜಾಯಿಂಟಿನಿಂದ ನಾಲ್ಕು ಬೆರಳು ಮೇಲೆ ಕನ್ನಡಿ ಹಲಗೆಯ ಸ್ಕ್ರೂ ಇತ್ತು.

"ಇಲ್ನೋಡಿ ಸಾರ್," ಎಂದ. ದನಿ ಅವನದಲ್ಲ ಎನ್ನುವ ಹಾಗಿತ್ತು. "ಹಲಗೆ ಕೂರಿಸುವಾಗ ಪೈಪಿನ ಪಕ್ಕದಲ್ಲೇ ಡ್ರಿಲ್ ಹೊಡೆದಿದ್ದಾರೆ. ಆ ಅದುರಾಟಕ್ಕೆ ಜಾಯಿಂಟ್ ಬಿಟ್ಕೊಂಡಿದೆ."

ಬಾಗಿಲ ಬಳಿ ನಿಂತಿದ್ದ ಮಾಮ ಕಣ್ಣು ಪಿಳಿಪಿಳಿ ಬಿಟ್ಟ. "ಪೈಪು ಎಲ್ಲಿ ಹೋಗುತ್ತೆ ಅಂತ ನೀನೇ ಗುರುತು ಹಾಕ್ಕೊಟ್ಟಿದ್ದೆ. ನಾನು ಅದನ್ನ ಬಿಟ್ಟೇ ಹೊಡೆದೆ ಕಣೋ," ಎಂದ. ಅಪ್ಪ ಗರಗಸದ ಬ್ಲೇಡು ಹುಡುಕುತ್ತಿದ್ದ. ಬ್ಲೇಡು ಅವನ ಕಾಲ ಬಳಿಯೇ ಇತ್ತು.

"ಸಾಕು," ಎಂದ ಕಂಟ್ರಾಕ್ಟರ್ ಮಾಮನ ಕಡೆ ತಿರುಗಿ. "ನಾಳೆ ಬಂದು ನಿನ್ನ ಸಾಮಾನು ಎತ್ಕೊಂಡು ಹೋಗು. ಲೈಬ್ರರಿ ಕಪಾಟು ಬೇರೆಯವರು ಮಾಡ್ತಾರೆ. ನನ್ನ ಬೇರೆ ಸೈಟುಗಳಿಗೂ ಬರಬೇಡ."

ಆ ಕಪಾಟಿನ ಅಳತೆ ತೆಗೆಯಲು ಮಾಮ ಹೋದ ವಾರವಷ್ಟೇ ಅರ್ಧ ಇಂಚನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಕೈ ಎತ್ತಿಸಿದ್ದ. "ಇವಳಿಗೆ ಎಟುಕಿದ್ರೆ ಇಡೀ ಸ್ಕೂಲಿಗೆ ಎಟುಕಿದ ಹಾಗೆ," ಎಂದು ನಕ್ಕಿದ್ದ. ಇಂದು ಅವನು ಹೊರಗೆ ಹೋದ. ಅರ್ಧ ಇಂಚು ಬಾಯಿ ತೆರೆದಳು. ಅಷ್ಟರಲ್ಲಿ ಮಿಸ್ ಎಲ್ಲರನ್ನೂ ಕ್ಲಾಸಿಗೆ ಅಟ್ಟಿದರು.

ಉದ್ದನೆಯ ಹುಡುಗ ಜಾಮಿಟ್ರಿ ಬಾಕ್ಸ್ ತಂದು ಅವಳ ಮುಂದೆ ಕುಕ್ಕಿದ. "ತಗೋ. ನಿಮ್ಮಪ್ಪಂದು ತಪ್ಪಲ್ವಂತೆ."

"ಬೇಡ," ಎಂದಳು.

"ಬೆಟ್ ಅಂದ್ರೆ ಬೆಟ್." ಅವನು ಹೊರಟುಹೋದ. ಆ ಬಾಕ್ಸನ್ನು ಅವಳು ಮುಟ್ಟಲೇ ಇಲ್ಲ. ಮುಟ್ಟಲು ಅಸಹ್ಯವಾಗುತ್ತಿತ್ತು.

ಸಂಜೆ ಅಪ್ಪನ ಸ್ಕೂಟರಿನ ಹಿಂದೆ ಕೂತಾಗ ಅವಳು ಅವನ ಬೆನ್ನಿಗೆ ಹೇಳಿದಳು, "ಅಪ್ಪ, ಆ ಎಲ್ಬೋಗೆ ಟಿಕ್ ಇರ್ಲಿಲ್ಲ."

ಅಪ್ಪ ಸ್ಕೂಟರಿನ ವೇಗ ಇಳಿಸಿದ.

"ನನ್ನ ತಪ್ಪು ಅಂದಿದ್ರೆ ಇನ್ಮೇಲೆ ಯಾರೂ ನನ್ನನ್ನ ನಂಬಿ ಗೋಡೆ ಮುಚ್ಚಲ್ಲ ಪುಟ್ಟಾ," ಎಂದ ಅಪ್ಪ. "ಮಾಮನದು ಕಣ್ಣಿಗೆ ಕಾಣೋ ಕೆಲಸ. ಅವನಿಗೆ ಎಲ್ಲಾದ್ರೂ ಸಿಗುತ್ತೆ."

"ನಾನು ಅವತ್ತು ಬಂದು ಮಾತಾಡಿಸಿದ್ದಕ್ಕೆ ಹೀಗಾಯ್ತಾ?"

"ಇಲ್ಲ, ಇಲ್ಲ," ಎಂದ ಅಪ್ಪ, ಅವಳ ಮಾತು ಮುಗಿಯುವ ಮೊದಲೇ.

"ಮಾಮಂಗಾದ್ರೂ ನಿಜ ಹೇಳ್ತೀಯಾ?"

"ಹೇಳ್ತೀನಿ. ಸಮಯ ನೋಡಿ ಹೇಳ್ತೀನಿ. ನೀನು ಸುಮ್ನಿರು."

ಮರುದಿನ ಬಿಡುವಿನಲ್ಲಿ ಅರ್ಧ ಇಂಚು ಲೈಬ್ರರಿ ಕೋಣೆಗೆ ಹೋದಳು. ಮಾಮ ನೆಲದ ಮೇಲೆ ಕೂತು ಉಳಿಗಳನ್ನು ಒಂದೊಂದಾಗಿ ಗೋಣಿತಟ್ಟಿನಲ್ಲಿ ಸುತ್ತುತ್ತಿದ್ದ. ಕಪಾಟಿಗೆಂದು ಕೊಯ್ದಿಟ್ಟ ಹಲಗೆಗಳು ಗೋಡೆಗೆ ಒರಗಿದ್ದವು.

"ಬಾ, ಅರ್ಧ ಇಂಚು. ನಿಮ್ಮಪ್ಪಂಗೆ ನನ್ಮೇಲೆ ಸಿಟ್ಟಾ?"

ಅವಳು ಒಂದು ಹಲಗೆಯ ಅಂಚು ಹಿಡಿದು ನಿಂತಳು.

"ಸಿಟ್ಟು ಬರದೆ ಏನು?" ಎಂದ ಮಾಮ. "ಹನ್ನೆರಡು ವರ್ಷದಲ್ಲಿ ಅವನ ಒಂದು ಜಾಯಿಂಟೂ ಬಿಟ್ಟಿರ್ಲಿಲ್ಲ. ನನ್ನಿಂದ ಅವನ ಹೆಸರು ಕೆಡ್ತಿತ್ತು. ಡ್ರಿಲ್‌ನ ಎಲ್ಲಿ ಜಾಸ್ತಿ ಒತ್ತಿದೆ ಅಂತ ನಿನ್ನೆಯಿಂದ ಯೋಚಿಸ್ತಾ ಇದೀನಿ. ಕೈಗೆ ವಯಸ್ಸಾಯ್ತೋ ಏನೋ."

ಅವನು ತನ್ನ ಬಲಗೈಯನ್ನು ಮುಂದೆ ಚಾಚಿ, ನಡುಗುತ್ತಿದೆಯೇ ಎಂದು ನೋಡಿಕೊಂಡ. ಅರ್ಧ ಇಂಚಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

"ನಿಮ್ಮ ತಪ್ಪಲ್ಲ ಮಾಮ. ಆ ಎಲ್ಬೋಗೆ ಟಿಕ್ಕೇ ಇರ್ಲಿಲ್ಲ. ಬರೀ ಪೆನ್ಸಿಲ್ ಗೆರೆ. ನಾನು ನೋಡ್ದೆ."

ಮಾಮನ ಕೈ ಹಾಗೇ ನಿಂತಿತು. ಟಿಕ್ಕಿನ ಲೆಕ್ಕ ಅವನಿಗೆ ಗೊತ್ತಿಲ್ಲದ್ದೇನಲ್ಲ.

"ಅವನು ನೋಡಿದ್ನಾ?" ಎಂದು ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು. ಹೆಬ್ಬೆರಳಿನ ವಿಷಯ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

ಸತ್ಯ ಹೇಳಿದರೆ ಮಾಮನ ಮುಖ ಅರಳುತ್ತದೆ ಎಂದು ಅವಳು ಎಣಿಸಿದ್ದಳು. ಹಾಗಾಗಲಿಲ್ಲ. ತನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದಾಗಲೂ ಅವನ ಮುಖ ಇಷ್ಟು ಬಾಡಿರಲಿಲ್ಲ.

"ಕಂಟ್ರಾಕ್ಟರಿಗೆ ಹೇಳ್ತೀರಾ ಮಾಮ?"

"ಹೇಳಬೇಕಾದೋನು ನಾನಲ್ಲ." ಮಾಮ ಗೋಣಿತಟ್ಟನ್ನು ಗಂಟು ಕಟ್ಟಿ ಹೆಗಲಿಗೇರಿಸಿದ. "ನಿಮ್ಮಪ್ಪ ನನ್ನ ಬಗ್ಗೆ ಏನಾದ್ರೂ ಕೇಳಿದ್ರೆ, ನಮ್ಮನೆಗೆ ಒಂದ್ಸಲ ಬರೋಕೆ ಹೇಳು. ನಾನು ಜಗಳ ಆಡಲ್ಲ. ಅವನ ಬಾಯಿಂದ ಒಂದ್ಸಲ ಕೇಳಬೇಕು, ಅಷ್ಟೇ."

ಅವನು ಹೋಗುವುದನ್ನು ಅವಳು ಕಿಟಕಿಯಿಂದ ನೋಡಿದಳು. ಗೇಟಿನ ಹತ್ತಿರ ಗಂಟು ಜಾರಿತು. ಅದನ್ನು ಸರಿಮಾಡಿಕೊಂಡು ಹೊರಟುಹೋದ.

ಸಂಜೆ ಅಪ್ಪ ಹಿತ್ತಲ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಬೆರಳಿಗಂಟಿದ ಸಲ್ಯೂಷನ್ ಹೋಗುವಂತೆ ಉಜ್ಜಿ ಉಜ್ಜಿ ತೊಳೆಯುತ್ತಿದ್ದ. ಅವಳ ಕಡೆ ನೋಡದೆ ಕೇಳಿದ, "ಮಾಮ ಸಿಕ್ಕಿದ್ನಾ ಸ್ಕೂಲಲ್ಲಿ?"

"ಸಿಕ್ಕಿದ್ರು."

"ಏನಾದ್ರೂ ಅಂದ್ನಾ?"

ಅಪ್ಪನ ಬೆನ್ನು ಬಗ್ಗಿತ್ತು. ಕುತ್ತಿಗೆಯ ಮೇಲೆ ಸಿಮೆಂಟಿನ ಧೂಳು ಹಾಗೇ ಇತ್ತು.

"ಇಲ್ಲ," ಎಂದಳು ಅರ್ಧ ಇಂಚು.

ಹಾಗೆ ಹೇಳಬೇಕೆಂದು ಅವಳು ಅಂದುಕೊಂಡೇ ಇರಲಿಲ್ಲ. ಮಾತು ತಾನಾಗಿ ಹೊರಗೆ ಬಂದಿತ್ತು. ಅಷ್ಟೊಂದು ಜನರ ಮುಂದೆ ಅಂಥ ದೊಡ್ಡ ಸುಳ್ಳನ್ನು ಅಪ್ಪ ಹೇಗೆ ಹೇಳಿದ ಎಂದು ನಿನ್ನೆಯಿಂದ ಅವಳಿಗೆ ಬಗೆಹರಿದಿರಲಿಲ್ಲ. ಈಗ ಗೊತ್ತಾಯಿತು. ಅದಕ್ಕೆ ಒಂದು ಗಳಿಗೆಯೂ ಬೇಕಿರಲಿಲ್ಲ.

ಅಪ್ಪ ನಿಟ್ಟುಸಿರು ಬಿಟ್ಟು ನಲ್ಲಿ ನಿಲ್ಲಿಸಿದ. ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದ.

ಅವಳು ಜಗಲಿಯಲ್ಲಿ ಕೂತು ಪುಸ್ತಕ ತೆರೆದಳು. ಎದ್ದು ಹೋಗಿ ನಿಜ ಹೇಳಲು ಇನ್ನೂ ಹೊತ್ತಿತ್ತು. ಅಪ್ಪನಿಗೂ ಮಾಮನಿಗೆ ನಿಜ ಹೇಳಲು ನಿನ್ನೆ ಇಡೀ ದಿನ ಹೊತ್ತಿತ್ತು.